ನೂರು ಕೋಟಿ ಟನ್ ಸರಿ, ಅಗೆಯುವವರ ಲೆಕ್ಕ ಎಲ್ಲಿ?

2025ರ ಮಾರ್ಚ್ 20ರಂದು ದೇಶದ ಕಲ್ಲಿದ್ದಲು ಉತ್ಪಾದನೆ ನೂರು ಕೋಟಿ ಟನ್ ದಾಟಿತು. ಹಣಕಾಸು ವರ್ಷ ಮುಗಿಯಲು ಇನ್ನೂ ಹನ್ನೊಂದು ದಿನ ಬಾಕಿ ಇತ್ತು. ಮಾರ್ಚ್ ಕೊನೆಗೆ ಒಟ್ಟು ಲೆಕ್ಕ ಸುಮಾರು 104.7 ಕೋಟಿ ಟನ್‌ಗೆ ಬಂದು ನಿಂತಿತು. ದೇಶದ ಜನರಿಗೆಲ್ಲ ಸಮನಾಗಿ ಹಂಚಿದರೆ ತಲೆಗೆ ಏಳು ಕ್ವಿಂಟಲ್‌ಗೂ ಮಿಕ್ಕಿ ಬರುತ್ತದೆ. ಮೈನಿಂಗ್ ಎಂಜಿನಿಯರಿಂಗ್ ಓದುತ್ತಿರುವ ನಮ್ಮ ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅವತ್ತು ಚಪ್ಪಾಳೆ ಇಮೋಜಿಗಳ ಸುರಿಮಳೆ. ಗೆಳೆಯನೊಬ್ಬ ಮಾತ್ರ ಒಂದೇ ಸಾಲು ಬರೆದ: ‘ಉತ್ಪಾದನೆ ಏರಿದೆ, ನೇಮಕಾತಿ ಏರಿದೆಯಾ?’ ಯಾರೂ ಉತ್ತರ ಕೊಡಲಿಲ್ಲ.

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಕಲ್ಲಿದ್ದಲು ಎಂದ ಕೂಡಲೇ ನಾವು ಟನ್ನಿನಲ್ಲಿ ಮಾತನಾಡುತ್ತೇವೆ. ಕಳೆದ ವರ್ಷಕ್ಕಿಂತ ಎಷ್ಟು ಹೆಚ್ಚಾಯಿತು, ಯಾವ ಗಣಿ ದಾಖಲೆ ಮಾಡಿತು, ವಿದ್ಯುತ್ ಕೇಂದ್ರದಲ್ಲಿ ಎಷ್ಟು ದಿನದ ದಾಸ್ತಾನಿದೆ ಎಂದು ಕೇಳುತ್ತೇವೆ. ಈ ಅಂಕಿಗಳು ಮುಖ್ಯವೇ. ಆದರೆ ಇದೇ ಉದ್ಯಮದಲ್ಲಿ ಮುಂದಿನ ಮೂವತ್ತೈದು ವರ್ಷ ದುಡಿಯಲು ಹೊರಟಿರುವ ನನ್ನಂಥವರಿಗೆ ಅವು ಅರ್ಧ ಉತ್ತರ ಮಾತ್ರ.

ನಮ್ಮ ನೆಲದಲ್ಲಿಲ್ಲದ ಕಲ್ಲು

ನನ್ನ ಊರು ರಾಯಚೂರು ಜಿಲ್ಲೆಯ ಶಕ್ತಿನಗರದ ಹತ್ತಿರ. ಕೃಷ್ಣಾ ದಂಡೆಯ ಮೇಲಿರುವ ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕಗಳಿದ್ದು, ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ನಮ್ಮ ಕಡೆಯ ಚಹಾ ಅಂಗಡಿಗಳಲ್ಲಿ ಮಳೆ, ಹತ್ತಿ ರೇಟಿನ ಜೊತೆಗೆ ನಡೆಯುವ ಇನ್ನೊಂದು ಮಾತು ‘ಇವತ್ತ ರೇಕ್ ಎಷ್ಟ್ ಬಂದಾವು?’ ಎಂಬುದು. ರೇಕ್ ಎಂದರೆ ಕಲ್ಲಿದ್ದಲು ತುಂಬಿದ ಒಂದು ಪೂರ್ತಿ ಗೂಡ್ಸ್ ರೈಲು. ಸುಮಾರು ಐವತ್ತೆಂಟು ವ್ಯಾಗನ್, ಹೆಚ್ಚುಕಮ್ಮಿ ನಾಲ್ಕು ಸಾವಿರ ಟನ್.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಯೂನಿಟ್ ವಿದ್ಯುತ್ತಿಗೆ ಅಂದಾಜು ಏಳುನೂರು ಗ್ರಾಂ ಕಲ್ಲಿದ್ದಲು ಬೇಕು ಎಂದುಕೊಳ್ಳಿ. ಎಂಟೂ ಘಟಕಗಳು ದಿನವಿಡೀ ಪೂರ್ಣ ಪ್ರಮಾಣದಲ್ಲಿ ಓಡಿದರೆ ನಾಲ್ಕು ಕೋಟಿಗೂ ಹೆಚ್ಚು ಯೂನಿಟ್ ಬರುತ್ತದೆ. ಅದಕ್ಕೆ ದಿನಕ್ಕೆ ಏಳೆಂಟು ರೇಕ್ ಬೇಕು. ಇಷ್ಟೂ ಹೊರರಾಜ್ಯಗಳಿಂದಲೇ ಬರಬೇಕು. ಕರ್ನಾಟಕದ ನೆಲದಲ್ಲಿ ಚಿನ್ನವಿದೆ, ಕಬ್ಬಿಣದ ಅದಿರಿದೆ, ಮ್ಯಾಂಗನೀಸ್ ಇದೆ, ಕಲ್ಲಿದ್ದಲಿಲ್ಲ. ನಮ್ಮ ಬಂಡೆಗಳು ತೀರಾ ಹಳೆಯವು. ಭಾರತದ ಕಲ್ಲಿದ್ದಲಿನ ಬಹುಪಾಲು ಗೊಂಡ್ವಾನ ಕಾಲದ ಪದರಗಳಲ್ಲಿ, ದಾಮೋದರ, ಸೋನ್, ಮಹಾನದಿ, ಗೋದಾವರಿ ಕಣಿವೆಗಳಲ್ಲಿದೆ. ಹಾಗಾಗಿ ತೆಲಂಗಾಣದ ಸಿಂಗರೇಣಿ, ಒಡಿಶಾದ ಮಹಾನದಿ, ಮಹಾರಾಷ್ಟ್ರದ ಗಣಿಗಳಲ್ಲಿ ಮಳೆ ಜೋರಾದರೆ ರಾಯಚೂರು, ಬಳ್ಳಾರಿ, ಯರಮರಸ್‌ ಕೇಂದ್ರಗಳವರು ಚಿಂತೆ ಮಾಡಬೇಕಾಗುತ್ತದೆ.

ಎಪ್ಪತ್ತೊಂಬತ್ತರಿಂದ ಏಳುನೂರ ಎಂಬತ್ತೊಂದಕ್ಕೆ

ದೇಶದಲ್ಲಿ ವಾಣಿಜ್ಯ ಉದ್ದೇಶದ ಕಲ್ಲಿದ್ದಲು ಗಣಿಗಾರಿಕೆ ಶುರುವಾದದ್ದು 1774ರಲ್ಲಿ, ಬಂಗಾಳದ ರಾಣಿಗಂಜ್‌ನಲ್ಲಿ. ಅಲ್ಲಿಂದ ಸುಮಾರು ಎರಡು ಶತಮಾನ ಬಹುಪಾಲು ಗಣಿಗಳು ಖಾಸಗಿಯವರ ಕೈಯಲ್ಲಿದ್ದವು. ಸುಲಭಕ್ಕೆ ಸಿಗುವ ಪದರವನ್ನು ತೆಗೆದು ಉಳಿದದ್ದನ್ನು ಕೈಬಿಡುವುದು, ಸುರಕ್ಷತೆಗೆ ಖರ್ಚು ಮಾಡದಿರುವುದು, ಕೂಲಿಕಾರರನ್ನು ಹೀನಾಯವಾಗಿ ನಡೆಸಿಕೊಳ್ಳುವುದು ಆಗಿನ ದೊಡ್ಡ ದೂರುಗಳಾಗಿದ್ದವು. ಝರಿಯಾದಲ್ಲಿ ನೆಲದಡಿಯ ಬೆಂಕಿ ಮೊದಲು ಕಾಣಿಸಿಕೊಂಡದ್ದು 1916ರಲ್ಲಿ. ಅಲ್ಲಿನ ನೆಲ ಇಂದಿಗೂ ಉರಿಯುತ್ತಿದೆ. 1972ರಲ್ಲಿ ಕೋಕಿಂಗ್ ಕಲ್ಲಿದ್ದಲು ಗಣಿಗಳು, 1973ರಲ್ಲಿ ಉಳಿದ ಗಣಿಗಳು ರಾಷ್ಟ್ರೀಕರಣಗೊಂಡವು. 1975ರ ನವೆಂಬರ್‌ನಲ್ಲಿ ಕೋಲ್ ಇಂಡಿಯಾ ಹುಟ್ಟಿತು. ಮರುತಿಂಗಳೇ ಧನಬಾದ್ ಬಳಿಯ ಚಾಸ್ನಾಲಾ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅದು ದೇಶದ ಉಕ್ಕು ಕಂಪನಿಯೊಂದರ ಗಣಿ. ಮಾಲೀಕತ್ವ ಬದಲಾದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ ಎಂಬುದನ್ನು ನಮ್ಮ ಸುರಕ್ಷತಾ ಪಾಠಗಳಲ್ಲಿ ಈ ಘಟನೆಯಿಂದಲೇ ಕಲಿಸುತ್ತಾರೆ.

ಹುಟ್ಟಿದ ವರ್ಷ ಕೋಲ್ ಇಂಡಿಯಾದ ಉತ್ಪಾದನೆ 7.9 ಕೋಟಿ ಟನ್. 2024–25ರಲ್ಲಿ ಅದು 78.1 ಕೋಟಿ ಟನ್. ಹತ್ತು ಪಟ್ಟು! ದೇಶದ ಒಟ್ಟು ಉತ್ಪಾದನೆಯಲ್ಲಿ ನಾಲ್ಕನೇ ಮೂರು ಭಾಗ ಈಗಲೂ ಇದೊಂದೇ ಕಂಪನಿಯದು. ಸಿಂಗರೇಣಿಯದು ಸುಮಾರು ಏಳು ಕೋಟಿ. ಉಳಿದ ಇಪ್ಪತ್ತು ಕೋಟಿಯಷ್ಟು ಸ್ವಂತ ಬಳಕೆಯ ಗಣಿಗಳು ಮತ್ತು 2020ರಿಂದ ಹರಾಜಾಗುತ್ತಿರುವ ವಾಣಿಜ್ಯ ಗಣಿಗಳಿಂದ ಬರುತ್ತಿದೆ.

ಈ ಹತ್ತು ಪಟ್ಟಿನ ಏರಿಕೆ ಹೇಗೆ ಸಾಧ್ಯವಾಯಿತು? ಒಂದೇ ಮಾತಿನಲ್ಲಿ ಹೇಳುವುದಾದರೆ, ನಾವು ಭೂಮಿಯೊಳಗೆ ಇಳಿಯುವುದನ್ನು ಬಿಟ್ಟು ಭೂಮಿಯನ್ನೇ ಬಗೆಯಲು ಶುರುಮಾಡಿದೆವು. ಹಿಂದೆ ಕಲ್ಲಿದ್ದಲು ಎಂದರೆ ಸುರಂಗ, ತಲೆದೀಪ, ಬುಟ್ಟಿ. ಈಗ ಕೋಲ್ ಇಂಡಿಯಾದ ಉತ್ಪಾದನೆಯಲ್ಲಿ ಭೂಗತ ಗಣಿಗಳ ಪಾಲು ನೂರಕ್ಕೆ ಮೂರೋ ನಾಲ್ಕೋ ಅಷ್ಟೇ. ಉಳಿದದ್ದೆಲ್ಲ ತೆರೆದ ಗಣಿಗಳದ್ದು. ಛತ್ತೀಸಗಢದ ಕೊರ್ಬಾ ಜಿಲ್ಲೆಯ ಗೆವ್ರಾ ಗಣಿಯೊಂದೇ 2023–24ರಲ್ಲಿ 5.9 ಕೋಟಿ ಟನ್ ತೆಗೆದಿದೆ. 1975ರಲ್ಲಿ ಇಡೀ ಕಂಪನಿ ತೆಗೆದದ್ದರ ಮುಕ್ಕಾಲು ಪಾಲು ಇಂದು ಒಂದೇ ಗುಂಡಿಯಿಂದ ಬರುತ್ತಿದೆ ಎಂದಾಯಿತು.

ಆ ಗುಂಡಿ ತೋಡಲು ಮೇಲಿನ ಮಣ್ಣು, ಕಲ್ಲು ತೆಗೆಯಬೇಕು. ಗಣಿಯವರು ಅದನ್ನು ‘ಓಬಿ’ ಎನ್ನುತ್ತಾರೆ. ಒಂದು ಟನ್ ಕಲ್ಲಿದ್ದಲಿಗೆ ಸರಾಸರಿ ಎರಡೂವರೆ ಘನ ಮೀಟರ್ ಓಬಿ ಎತ್ತಬೇಕು. ಇದನ್ನು ಮಾಡುವುದು ನೂರಾರು ಟನ್ ಹೊರುವ ಡಂಪರ್‌ಗಳು, ಮನೆಯಷ್ಟು ದೊಡ್ಡ ಶಾವೆಲ್‌ಗಳು. ಆ ಯಂತ್ರಗಳಲ್ಲಿ ಎಷ್ಟೋ ನಮ್ಮ ರಾಜ್ಯದಲ್ಲೇ, ಬೆಮೆಲ್‌ನ ಕೆಜಿಎಫ್ ಮತ್ತು ಮೈಸೂರು ಘಟಕಗಳಲ್ಲಿ ತಯಾರಾಗುತ್ತವೆ. ನೆಲದಲ್ಲಿ ಕಲ್ಲಿದ್ದಲಿಲ್ಲದಿದ್ದರೂ ಈ ಉದ್ಯಮದಲ್ಲಿ ಕನ್ನಡನಾಡಿನ ಕೈ ಇದೆ.

ಡಂಪರ್ ಓಡಿಸುವವರು ಯಾರು?

ಯಂತ್ರ ಬಂದಂತೆ ಜನ ಕಡಿಮೆಯಾದರು. ಒಂದು ಕಾಲಕ್ಕೆ ಕೋಲ್ ಇಂಡಿಯಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ನೌಕರರಿದ್ದರು. ಈಗ ಇರುವವರು ಸುಮಾರು ಎರಡೂಕಾಲು ಲಕ್ಷ. ಪ್ರತಿ ವರ್ಷ ನಿವೃತ್ತರಾಗುವವರು ಹೆಚ್ಚು, ಸೇರುವವರು ಕಡಿಮೆ. ಕಾಗದದ ಮೇಲೆ ನೋಡಿದರೆ ತಲಾ ಉತ್ಪಾದನೆ ಬೆರಗು ಹುಟ್ಟಿಸುವಂತಿದೆ. 78 ಕೋಟಿ ಟನ್ನನ್ನು ಎರಡೂಕಾಲು ಲಕ್ಷದಿಂದ ಭಾಗಿಸಿದರೆ ಒಬ್ಬ ನೌಕರನಿಗೆ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಟನ್.

ಆದರೆ ಈ ಭಾಗಾಕಾರದಲ್ಲಿ ಒಂದು ತೊಡಕಿದೆ. ಅದು ನನಗೆ ಅರ್ಥವಾದದ್ದು ಮಧ್ಯ ಭಾರತದ ಒಂದು ತೆರೆದ ಗಣಿಗೆ ತರಬೇತಿಗೆಂದು ಹೋದಾಗ. ಮೊದಲ ದಿನ ಹೆಲ್ಮೆಟ್, ಬೂಟು ಹಾಕಿಕೊಂಡು ವ್ಯೂ ಪಾಯಿಂಟ್‌ನಲ್ಲಿ ನಿಂತೆವು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಬೆಂಚುಗಳಲ್ಲಿ ಟಿಪ್ಪರ್‌ಗಳು ಸಾಲುಗಟ್ಟಿ ಓಡಾಡುತ್ತಿದ್ದವು. ‘ಇದರಲ್ಲಿ ಕಂಪನಿಯವು ಯಾವುವು, ಸರ್?’ ಎಂದು ನಮ್ಮ ಜೊತೆಗಿದ್ದ ಓವರ್‌ಮನ್‌ರನ್ನು ಕೇಳಿದೆ. ಅವರು ದೂರದ ಒಂದು ಮೂಲೆ ತೋರಿಸಿದರು. ಉಳಿದವೆಲ್ಲ ಗುತ್ತಿಗೆದಾರರವು. ಓಬಿ ತೆಗೆಯುವುದು, ಕಲ್ಲಿದ್ದಲು ಕತ್ತರಿಸುವುದು, ಸೈಡಿಂಗ್‌ಗೆ ಸಾಗಿಸುವುದು, ಬಹುತೇಕ ಎಲ್ಲವೂ ಹೊರಗುತ್ತಿಗೆ.

ಅಲ್ಲೊಬ್ಬ ಟಿಪ್ಪರ್ ಚಾಲಕ ಊಟದ ಬಿಡುವಿನಲ್ಲಿ ಮಾತಿಗೆ ಸಿಕ್ಕ. ನನಗಿಂತ ಎರಡೋ ಮೂರೋ ವರ್ಷ ದೊಡ್ಡವನು. ಆತನ ಊರಿನ ಹೊಲವೇ ಈಗ ಗಣಿಯ ಒಂದು ಬೆಂಚು. ಅಪ್ಪನಿಗೆ ಜಮೀನಿನ ಬದಲು ಕಾಯಂ ನೌಕರಿ ಸಿಕ್ಕಿತ್ತು. ಮಗನಿಗೆ ಸಿಕ್ಕಿದ್ದು ಗುತ್ತಿಗೆಯ ಸ್ಟೇರಿಂಗ್. ‘ಅಪ್ಪನ ಗಣಿ, ನನ್ನ ಗಣಿ ಒಂದೇ. ಸಂಬಳ ಮಾತ್ರ ಬೇರೆ ಬೇರೆ ಗಣಿಯದ್ದು’ ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಕಂಪನಿಯ ನೌಕರರ ಪಟ್ಟಿಯಲ್ಲಿ ಆತನ ಹೆಸರಿಲ್ಲ. ಆತ ಸಾಗಿಸಿದ ಟನ್ ಮಾತ್ರ ಕಂಪನಿಯ ಉತ್ಪಾದನೆಯಲ್ಲಿ ಸೇರಿದೆ. ಮೇಲಿನ ಭಾಗಾಕಾರದ ತೊಡಕು ಇದೇ. ಭಾಜ್ಯದಲ್ಲಿ ಎಲ್ಲರ ಬೆವರಿದೆ, ಭಾಜಕದಲ್ಲಿ ಕಾಯಂ ಇದ್ದವರು ಮಾತ್ರ ಇದ್ದಾರೆ.

ಯಂತ್ರ ಬೇಡ, ಮತ್ತೆ ಬುಟ್ಟಿ ಹೊರೋಣ ಎಂದು ನಾನು ಹೇಳುತ್ತಿಲ್ಲ. ಸುರಂಗದೊಳಗೆ ಜೀವ ಪಣಕ್ಕಿಟ್ಟು ದುಡಿಯುವುದಕ್ಕಿಂತ ಎಸಿ ಕ್ಯಾಬಿನ್‌ನಲ್ಲಿ ಕುಳಿತು ಶಾವೆಲ್ ನಡೆಸುವುದು ಎಷ್ಟೋ ಮೇಲು. ಆದರೆ ಗಣಿಯ ಅಪಾಯಕ್ಕೆ ಕಾಯಂ, ಗುತ್ತಿಗೆ ಎಂಬ ಭೇದವಿಲ್ಲ. ದೂಳು ಇಬ್ಬರ ಶ್ವಾಸಕೋಶಕ್ಕೂ ಒಂದೇ. ಹಾಗಿರುವಾಗ ತರಬೇತಿ, ವೈದ್ಯಕೀಯ ತಪಾಸಣೆ, ಭವಿಷ್ಯನಿಧಿಯ ವಿಷಯದಲ್ಲಿ ಭೇದ ಏಕಿರಬೇಕು?

ದಾಖಲೆಯ ನಡುವೆಯೂ ಆಮದು

ನೂರು ಕೋಟಿ ಟನ್ ತೆಗೆಯುವ ದೇಶ ಕಲ್ಲಿದ್ದಲು ಆಮದು ಮಾಡಿಕೊಳ್ಳುತ್ತದೆ ಎಂದರೆ ಹಲವರು ನಂಬುವುದಿಲ್ಲ. 2024–25ರಲ್ಲೂ 24 ಕೋಟಿ ಟನ್‌ಗೂ ಹೆಚ್ಚು ಹೊರಗಿನಿಂದ ಬಂದಿದೆ. ಹಿಂದಿನ ವರ್ಷಕ್ಕಿಂತ ಕಡಿಮೆ, ನಿಜ. ಆದರೆ ನಿಂತಿಲ್ಲ.

ಕಾರಣ ಸರಳ. ಎಲ್ಲ ಕಲ್ಲಿದ್ದಲೂ ಒಂದೇ ಅಲ್ಲ. ನಮ್ಮದರಲ್ಲಿ ಬೂದಿ ಜಾಸ್ತಿ. ನೂರು ಕೆ.ಜಿ. ಉರಿಸಿದರೆ ಮೂವತ್ತರಿಂದ ನಲವತ್ತು ಕೆ.ಜಿ. ಬೂದಿಯೇ ಉಳಿಯುವುದು ಸಾಮಾನ್ಯ. ವಿದ್ಯುತ್ತಿಗೆ ಅದು ಹೇಗೋ ನಡೆಯುತ್ತದೆ, ಉಕ್ಕಿಗೆ ನಡೆಯುವುದಿಲ್ಲ. ಉಕ್ಕಿನ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ನಮ್ಮಲ್ಲಿ ಮುಖ್ಯವಾಗಿ ಝರಿಯಾ ಸುತ್ತಮುತ್ತ ಇದೆ, ಅದರಲ್ಲೂ ಬೂದಿ ಹೆಚ್ಚು. ಹಾಗಾಗಿ ಸಂಡೂರಿನ ಅದಿರು ಪಕ್ಕದಲ್ಲೇ ಇದ್ದರೂ ತೋರಣಗಲ್ಲಿನ ಕುಲುಮೆಗಳಿಗೆ ಕೋಕಿಂಗ್ ಕಲ್ಲಿದ್ದಲು ಸಮುದ್ರ ದಾಟಿ ಬರಬೇಕು. ಉಡುಪಿಯ ವಿದ್ಯುತ್ ಸ್ಥಾವರವನ್ನಂತೂ ಆಮದು ಕಲ್ಲಿದ್ದಲಿಗೆಂದೇ ಕಟ್ಟಲಾಗಿದೆ.

ಇನ್ನು ಕೊರತೆಯ ವಿಷಯ. 2021ರ ಅಕ್ಟೋಬರ್‌ನಲ್ಲಿ ದೇಶದ ವಿದ್ಯುತ್ ಕೇಂದ್ರಗಳಲ್ಲಿ ಸರಾಸರಿ ನಾಲ್ಕು ದಿನಕ್ಕಾಗುವಷ್ಟೇ ದಾಸ್ತಾನು ಉಳಿದಿತ್ತು. 2022ರ ಬೇಸಿಗೆಯಲ್ಲಿ ಕಲ್ಲಿದ್ದಲು ರೇಕ್‌ಗಳಿಗೆ ದಾರಿ ಬಿಡಲು ನೂರಾರು ಪ್ರಯಾಣಿಕ ರೈಲು ಸಂಚಾರಗಳನ್ನೇ ರದ್ದು ಮಾಡಬೇಕಾಯಿತು. ನೆಲದಡಿ ಕಲ್ಲಿದ್ದಲು ಖಾಲಿಯಾಗಿರಲಿಲ್ಲ. ಮಳೆಗಾಲಕ್ಕೆ ಮುಂಚೆ ದಾಸ್ತಾನು ಮಾಡಿರಲಿಲ್ಲ, ಬೇಡಿಕೆ ದಿಢೀರ್ ಏರಿತು, ಸಾಗಿಸಲು ವ್ಯಾಗನ್ ಸಾಲಲಿಲ್ಲ. ಅಗೆಯುವುದು ಒಂದು ಕೆಲಸ, ಸರಿಯಾದ ಕಲ್ಲಿದ್ದಲನ್ನು ಸರಿಯಾದ ಹೊತ್ತಿಗೆ ತಲುಪಿಸುವುದು ಇನ್ನೊಂದು.

ಹಂಚಿಕೆಯ ಕಥೆಯೂ ಹೀಗೇ. 2014ರಲ್ಲಿ ಸುಪ್ರೀಂ ಕೋರ್ಟ್ 204 ಗಣಿಗಳ ಹಂಚಿಕೆ ರದ್ದು ಮಾಡಿತು. ಕರ್ನಾಟಕ ವಿದ್ಯುತ್ ನಿಗಮಕ್ಕೆ ಕಲ್ಲಿದ್ದಲು ಕೊಡುತ್ತಿದ್ದ ಚಂದ್ರಾಪುರ ಜಿಲ್ಲೆಯ ಬರಾಂಜ್ ಗಣಿಯೂ ಅದರಲ್ಲಿತ್ತು. ಮುಂದೆ ಅದು ನಿಗಮಕ್ಕೇ ಮರಳಿ ಹಂಚಿಕೆಯಾದರೂ, ಮತ್ತೆ ಕೆಲಸ ಶುರುವಾಗಲು ವರ್ಷಗಳೇ ಹಿಡಿದವು. ನಿಯಮ ಬಿಟ್ಟು ಹಂಚಿದ್ದು ಯಾರೋ, ಕಾದದ್ದು ಶಕ್ತಿನಗರದಂಥ ಊರು.

ಕೆಜಿಎಫ್ ಹೇಳುವ ಪಾಠ

ನಾನು ಓದುತ್ತಿರುವುದು ಕೆಜಿಎಫ್‌ನಲ್ಲಿ. ಮುಚ್ಚಿದ ಗಣಿಯ ಊರಿನಲ್ಲಿ ಕುಳಿತು ಗಣಿ ತೆರೆಯುವುದು ಹೇಗೆಂದು ಕಲಿಯುತ್ತಿದ್ದೇನೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಮೊದಲು ಹರಿದದ್ದು ಈ ಗಣಿಗಳಿಗೆ. ಅದಿರಿನಲ್ಲಿ ಚಿನ್ನದ ಅಂಶ ಕುಸಿಯಿತು, ಖರ್ಚು ಏರಿತು, ನಷ್ಟ ಬೆಳೆಯಿತು. 2001ರ ಫೆಬ್ರುವರಿ ಕೊನೆಗೆ ಗಣಿಗಳಿಗೆ ಬೀಗ ಬಿತ್ತು.

ನಾನು ಬಾಡಿಗೆಗಿರುವ ಮನೆಯ ಅಜ್ಜಿಯ ಯಜಮಾನರು ಗಣಿ ಕಾರ್ಮಿಕರಾಗಿದ್ದರು. ಮಗ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ. ಮಾರಿಕುಪ್ಪಂನಿಂದ ಹೊರಡುವ ರೈಲುಗಳಲ್ಲಿ ಹೀಗೆ ಓಡಾಡುವವರು ಸಾವಿರಾರು ಮಂದಿ. ‘ಗಣಿ ಮುಚ್ಚುತ್ತೆ ಅಂತ ಹತ್ತು ವರ್ಷದಿಂದ ಹೇಳ್ತಾನೇ ಇದ್ದರಪ್ಪ. ಮುಚ್ಚಿದ ಮೇಲೆ ಏನು ಅಂತ ಮಾತ್ರ ಯಾರೂ ಹೇಳಲಿಲ್ಲ’ ಎಂದು ಅಜ್ಜಿ ಒಮ್ಮೆ ಹೇಳಿದರು. ಊರಂಚಿನಲ್ಲಿ ಅದಿರಿನ ಪುಡಿಯ ಬೂದುಬಣ್ಣದ ದಿಬ್ಬಗಳು ಹಾಗೇ ಇವೆ. ಗಾಳಿ ಎದ್ದರೆ ದೂಳು ಮನೆಯೊಳಗೆ ಬರುತ್ತದೆ.

ಈಗ ಲೆಕ್ಕ ಹಾಕಿ. ನನಗೆ ಇಪ್ಪತ್ತೆರಡು. ಕಲ್ಲಿದ್ದಲು ಉದ್ಯಮ ಸೇರಿದರೆ 2063ರ ಸುಮಾರಿಗೆ ನಿವೃತ್ತಿ. ಭಾರತ 2070ಕ್ಕೆ ನಿವ್ವಳ ಶೂನ್ಯ ಇಂಗಾಲದ ಗುರಿ ಇಟ್ಟುಕೊಂಡಿದೆ. ಅಂದರೆ ಕಲ್ಲಿದ್ದಲು ಬಳಕೆ ಏರುವುದು, ನಿಲ್ಲುವುದು, ಇಳಿಯುವುದು ಮೂರನ್ನೂ ನನ್ನ ತಲೆಮಾರು ಕೆಲಸದಲ್ಲಿರುವಾಗಲೇ ನೋಡಬೇಕು. ಇಳಿಕೆಯ ಮುನ್ಸೂಚನೆ ನಮ್ಮ ರಾಜ್ಯದಲ್ಲೇ ಕಾಣುತ್ತಿದೆ. ಪಾವಗಡದ ಸೋಲಾರ್ ಪಾರ್ಕ್‌ನಂಥವು ಮಧ್ಯಾಹ್ನ ಜೋರಾಗಿ ವಿದ್ಯುತ್ ಕೊಡುವಾಗ ಕಲ್ಲಿದ್ದಲು ಘಟಕಗಳು ಕೈ ಬಿಗಿ ಹಿಡಿಯಬೇಕು. ಸೂರ್ಯ ಮುಳುಗಿದ ಮೇಲೆ ಮತ್ತೆ ಅವೇ ಬೇಕು. ಇಂದಿಗೂ ದೇಶದ ವಿದ್ಯುತ್ತಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕಲ್ಲಿದ್ದಲಿನಿಂದಲೇ ಬರುತ್ತಿದೆ. ನಾಳೆಯೇ ನಿಲ್ಲಿಸಿ ಎನ್ನುವುದು ಕತ್ತಲೆಯಲ್ಲಿ ಕೂರಲು ಸಿದ್ಧರಿಲ್ಲದವರ ಮಾತು. ಎಂದೂ ನಿಲ್ಲದು ಎನ್ನುವುದು ಕೆಜಿಎಫ್ ನೋಡದವರ ಮಾತು.

ಧನಬಾದ್, ಕೊರ್ಬಾ, ಸಿಂಗ್ರೌಲಿ, ತಾಲ್ಚೇರ್, ಕೊತ್ತಗೂಡೆಂ ಇವು ಕೆಜಿಎಫ್‌ಗಿಂತ ಎಷ್ಟೋ ದೊಡ್ಡವು. ಅಲ್ಲಿ ಶಾಲೆ, ಆಸ್ಪತ್ರೆ, ಸಂತೆ, ಬಸ್ಸು ಎಲ್ಲವೂ ಗಣಿಯ ಸಂಬಳದ ಮೇಲೆ ನಿಂತಿವೆ. ನಷ್ಟದ ಭೂಗತ ಗಣಿಗಳು ಈಗಾಗಲೇ ಒಂದೊಂದಾಗಿ ಮುಚ್ಚುತ್ತಿವೆ. ದೇಶದ ಒಟ್ಟು ಉತ್ಪಾದನೆ ಏರುತ್ತಿರುವುದರಿಂದ ಆ ಸುದ್ದಿ ಸುದ್ದಿಯೇ ಆಗುವುದಿಲ್ಲ.

ಇನ್ನೊಂದು ಕಾಲಂ ಬೇಕು

ದಾರಿಗಳಿಲ್ಲ ಎಂದಲ್ಲ. 2009ರಿಂದ ಪ್ರತಿ ಕಲ್ಲಿದ್ದಲು ಗಣಿಗೂ ಮುಚ್ಚುವ ಯೋಜನೆ ಕಡ್ಡಾಯ. ಅದಕ್ಕಾಗಿ ಪ್ರತಿ ವರ್ಷ ಎಸ್ಕ್ರೋ ಖಾತೆಯಲ್ಲಿ ಹಣ ಇಡಬೇಕು. 2015ರ ತಿದ್ದುಪಡಿಯ ನಂತರ ಗಣಿ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳಿವೆ. ರಾಯಧನದ ಮೇಲೆ ಹಳೆಯ ಗಣಿಗಳು ನೂರಕ್ಕೆ ಮೂವತ್ತು, ಹರಾಜಿನಲ್ಲಿ ಪಡೆದ ಗಣಿಗಳು ನೂರಕ್ಕೆ ಹತ್ತರಷ್ಟು ಅದಕ್ಕೆ ಕೊಡಬೇಕು. ಈ ದುಡ್ಡು ಗಣಿಬಾಧಿತ ಜನರದ್ದು. ಅದು ಸಮುದಾಯ ಭವನದ ಕಾಂಪೌಂಡಿಗೆ ಹೋಗುತ್ತಿದೆಯೋ, ಟಿಪ್ಪರ್ ಚಾಲಕನ ತಂಗಿಯ ಐಟಿಐಗೆ ಹೋಗುತ್ತಿದೆಯೋ ಎಂದು ಕೇಳಬೇಕಾದವರು ನಾವು, ಅಂದರೆ ಆ ಜಿಲ್ಲೆಗಳಲ್ಲಿ ಕೆಲಸ ಮಾಡಲು ಹೋಗುವ ಯುವಕ ಯುವತಿಯರು ಮತ್ತು ಆ ವಿದ್ಯುತ್ ಉರಿಸುವವರು.

ನಾನು ಕಲ್ಲಿದ್ದಲು ಗಣಿಯ ಕೆಲಸಕ್ಕೆ ಅರ್ಜಿ ಹಾಕಲಿದ್ದೇನೆ. ಆ ಬಗ್ಗೆ ನನಗೆ ಅಳುಕಿಲ್ಲ. ಗಣಿಯನ್ನು ಸುರಕ್ಷಿತವಾಗಿ ನಡೆಸಲು ಎಷ್ಟು ಎಂಜಿನಿಯರ್‌ಗಳು ಬೇಕೋ, ಅಚ್ಚುಕಟ್ಟಾಗಿ ಮುಚ್ಚಲು ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಗುಂಡಿ ತುಂಬುವುದು, ಓಬಿ ದಿಬ್ಬದ ಮೇಲೆ ಮರ ಹಿಡಿಸುವುದು, ಗಣಿಯಲ್ಲಿ ನಿಂತ ನೀರನ್ನು ಊರಿಗೆ ಕೊಡುವುದು, ಆ ನೆಲದಲ್ಲಿ ಸೋಲಾರ್ ಫಲಕ ಹಾಕುವುದು, ಇವೆಲ್ಲ ನಮ್ಮ ಪಠ್ಯದಲ್ಲಿ ಈಗ ಒಂದೋ ಎರಡೋ ಅಧ್ಯಾಯ. ಇವು ಪೂರ್ತಿ ಒಂದು ವಿಷಯವಾಗಬೇಕು.

ಇನ್ನೊಂದು ಬೇಡಿಕೆ ತೀರಾ ಸಣ್ಣದು. ಕಲ್ಲಿದ್ದಲು ಕಂಪನಿಗಳು ತಿಂಗಳ ಮೊದಲ ವಾರವೇ ಉತ್ಪಾದನೆಯ ಅಂಕಿ ಪ್ರಕಟಿಸುತ್ತವೆ. ಅದೇ ಹಾಳೆಯಲ್ಲಿ ಇನ್ನು ನಾಲ್ಕು ಸಾಲು ಸೇರಿಸಲಿ. ಈ ತಿಂಗಳು ಕಾಯಂ ನೌಕರರೆಷ್ಟು, ಗುತ್ತಿಗೆಯವರೆಷ್ಟು, ಅವರಲ್ಲಿ ತರಬೇತಿ ಮತ್ತು ಆರೋಗ್ಯ ತಪಾಸಣೆ ಆದವರೆಷ್ಟು, ಗಣಿ ಮುಗಿಸಿ ಜನರಿಗೆ ಮರಳಿ ಕೊಟ್ಟ ನೆಲ ಎಷ್ಟು ಎಕರೆ. ಟನ್ ಎಣಿಸಲು ಗೊತ್ತಿರುವವರಿಗೆ ಇದನ್ನು ಎಣಿಸುವುದು ಕಷ್ಟವೇನಲ್ಲ. ಮುಂದಿನ ದಾಖಲೆಯ ದಿನ ನಮ್ಮ ಗ್ರೂಪಿನಲ್ಲಿ ಆ ಹಾಳೆ ಬಂದರೆ ಚಪ್ಪಾಳೆ ಹೊಡೆಯುವ ಮೊದಲು ನಾನು ಓದುವುದು ಆ ನಾಲ್ಕು ಸಾಲುಗಳನ್ನೇ.